ಆಯಿಯ ತಲೆಯೊಳಗಿನ ಗಿಲಕಿ

ಹುಮನಾಬಾದಿನ ಆ ಗಲ್ಲಿಯಲ್ಲಿ ಹುಟ್ಟಿದ ಯಾವ ಕೂಸೂ ರುಕ್ಮಿಣಿಬಾಯಿಯ ಹಾಡು ಕೇಳದೆ ತೊಟ್ಟಿಲು ಹತ್ತಿದ್ದಿಲ್ಲ. ಕಿರಾಣಿ ಅಂಗಡಿಯ ಮಹಾರುದ್ರಪ್ಪನವರ ಹೆಂಡತಿ ಅನ್ನುವುದಕ್ಕಿಂತ ತೊಟ್ಟಿಲ ಆಯಿ ಅಂದರೇ ಆಕೆಯ ಗುರುತು ಬೇಗ ಸಿಗುತ್ತಿತ್ತು. ದನಿ ಇಂಪಾಗಿತ್ತು ಅಂದರೆ ಸುಳ್ಳಾದೀತು, ದೊಡ್ಡದಾಗಿತ್ತು. ತಲೆಯನ್ನು ಆ ಕಡೆ ಈ ಕಡೆ ತೂಗುತ್ತ ಆಕೆ ಹಾಡಲು ಹಿಡಿದರೆ ಕೂಸು ಅಳುವುದನ್ನು ಮರೆತು ಪಿಳಿಪಿಳಿ ನೋಡುತ್ತಿತ್ತು, ಓಣಿಯ ಗಂಡಸರು ಚಹಾದ ನೆಪ ಮಾಡಿಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದರು. ಅಂಥ ರುಕ್ಮಿಣಿಬಾಯಿ ಈಗ ಸ್ವಂತ ಮೊಮ್ಮಗಳು ಜಯಮಾಲಾಳ ಕೂಸಿನ ತೊಟ್ಟಿಲಿಗೆ ಬರುವುದಿಲ್ಲ ಅಂತ ಹಟ ಹಿಡಿದು ಕೂತಿದ್ದಳು.

ಕಾರಣ ಕೇಳಿದವರಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಆಕೆಯ ಮೆದುಳು ಸಡಿಲಾಗಿತ್ತಂತೆ. ತಲೆ ಬಗ್ಗಿಸಿದರೆ ಒಳಗೆ ಕೂಸಿನ ಗಿಲಕಿಯ ಹಾಗೆ ಗಿಲಿಗಿಲಿ ಅನ್ನುತ್ತದಂತೆ. ಬಸ್ಸೋ ಕಾರೋ ಹತ್ತಿ ಬಸವಕಲ್ಯಾಣದವರೆಗೆ ಕುಲುಕಾಡಿಕೊಂಡು ಹೋದರೆ ಅದು ಪೂರಾ ಕಳಚಿಕೊಂಡು ಬಿಡುತ್ತದಂತೆ. ಜಯಮಾಲಾಳಿಗೆ ಇದು ಎರಡನೆಯ ಕೂಸು, ಬಾಣಂತನ ಬಸವಕಲ್ಯಾಣದ ಗಂಡನ ಮನೆಯಲ್ಲೇ ನಡೆದಿತ್ತು, ತೊಟ್ಟಿಲೂ ಅಲ್ಲಿಯೇ. ಹುಮನಾಬಾದಿನಿಂದ ಅದೇನು ದೂರದ ಊರಲ್ಲ, ಬಸ್ಸಿನಲ್ಲಿ ಒಂದು ತೂಕಡಿಕೆ ಬರುವುದರೊಳಗೆ ಮುಟ್ಟುತ್ತದೆ. ರುಕ್ಮಿಣಿಬಾಯಿಗೆ ಮಾತ್ರ ಅದು ದಿಲ್ಲಿಗಿಂತ ದೂರವಾಗಿ ಕೂತಿತ್ತು.

ಇದೆಲ್ಲ ಶುರುವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಮಹಾರುದ್ರಪ್ಪ ತಮ್ಮ ಹಳೆಯ ಸ್ಕೂಟರಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ರಾಜೇಶ್ವರದ ಬೀಗರ ಮನೆಗೆ ಹೊರಟಿದ್ದರು. ಊರು ಬಿಡುವ ಮೊದಲೇ ಹೊಸದಾಗಿ ಹಾಕಿದ ರೋಡ್ ಹಂಪೊಂದು ಸ್ಕೂಟರನ್ನು ಎತ್ತಿ ಒಗೆಯಿತು. ಮಹಾರುದ್ರಪ್ಪ ತೊಗರಿ ಧಾರಣೆಯ ಬಗ್ಗೆ ಮಾತಾಡುತ್ತಲೇ ಮುಂದೆ ಹೋದರು. ಹಿಂದೆ ಹೂಂಗುಟ್ಟುವವರು ಇಲ್ಲ ಅನ್ನುವುದು ಅವರ ಗಮನಕ್ಕೆ ಬಂದದ್ದು ಪೆಟ್ರೋಲ್ ಪಂಪಿನ ಹತ್ತಿರ. ತಿರುಗಿ ಬಂದು ನೋಡಿದರೆ ರುಕ್ಮಿಣಿಬಾಯಿ ರಸ್ತೆಯ ಮಗ್ಗುಲಿಗೆ ತಲೆ ಹಿಡಿದುಕೊಂಡು ಕೂತಿದ್ದಳು. ಎಡಮಗ್ಗುಲಾಗಿ ಬಿದ್ದಿದ್ದಳು, ಮೊಣಕೈ ತರಚಿದ್ದು ಬಿಟ್ಟರೆ ಗಾಯ ಅನ್ನುವಂಥದ್ದೇನೂ ಆಗಿರಲಿಲ್ಲ.

ಆದರೂ ತಲೆ ಸುತ್ತುತ್ತದೆ ಅಂದಳು ಅಂತ ಸ್ಕ್ಯಾನ್ ಮಾಡಿಸಿದರು. ಮೈಮೇಲೆ ಲೋಹದ ಸಾಮಾನು ಒಂದೂ ಇರಬಾರದು ಅಂತ ಅಲ್ಲಿ ಹೇಳಿದ್ದಕ್ಕೆ ಬಳೆ, ತಾಳಿ, ಕೊರಳ ಲಿಂಗದ ಬೆಳ್ಳಿ ಕರಡಿಗೆ, ಎಲ್ಲವನ್ನೂ ತೆಗೆದು ಗಂಡನ ಕೈಗೆ ಕೊಟ್ಟಳು. ಇನ್ನು ಉಳಿದದ್ದು ಎಡಗಿವಿಯ ಅರಳೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬೆ ಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ದಿನಾ ಬೆಳಿಗ್ಗೆ ಕಿವಿಗೆ ಇಟ್ಟುಕೊಳ್ಳುವುದು ಆಕೆಯ ಎಷ್ಟೋ ವರ್ಷದ ರೂಢಿ, ಇಲ್ಲದಿದ್ದರೆ ಥಂಡಿ ಹೊಗುತ್ತದೆ ಅನ್ನುವ ನಂಬಿಕೆ. ಅದನ್ನೂ ತೆಗೆದು ಗಂಡನ ಅಂಗೈಗೆ ಹಾಕಿ ಯಂತ್ರದೊಳಗೆ ಹೋದಳು. ಮಹಾರುದ್ರಪ್ಪ ಕರಡಿಗೆಯನ್ನು ಎದೆಗೆ ಒತ್ತಿಕೊಂಡು, ಅರಳೆಯನ್ನು ಎಲ್ಲಿಡಬೇಕೋ ತಿಳಿಯದೆ ಬಿಳಿ ಅಂಗಿಯ ಕಿಸೆಗೆ ಹಾಕಿಕೊಂಡು ಹೊರಗೆ ನಿಂತರು.

ಮೆದುಳು ಚೊಕ್ಕವಾಗಿದೆ, ಚಿಂತೆ ಬೇಡ ಅಂತ ಡಾಕ್ಟರು ಹೇಳಿದರು. ಮಹಾರುದ್ರಪ್ಪ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದರು. ಒಪ್ಪದವಳು ಒಬ್ಬಳೇ, ತಲೆಯ ಮಾಲಕಿ. ತನ್ನ ತಲೆಯ ಸಪ್ಪಳ ತನಗೆ ಕೇಳುವುದಿಲ್ಲವೇ ಅನ್ನುವುದು ಆಕೆಯ ವಾದ. ಅಂದಿನಿಂದ ತುಂಬಿದ ಕೊಡ ಹೊತ್ತವಳ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಓಡಾಡತೊಡಗಿದಳು. ಗಾಡಿ ಹತ್ತುವುದು ಬಿಟ್ಟಳು, ಬಗ್ಗಿ ಕಸ ಹೊಡೆಯುವುದು ಬಿಟ್ಟಳು. ಓಣಿಯಲ್ಲಿ ಒಂದು ತೊಟ್ಟಿಲಾಯಿತು, ಹಾಡಲು ಹೋಗಲಿಲ್ಲ. ಆ ಸಂಜೆ ಮಹಾರುದ್ರಪ್ಪನವರಿಗೆ ಊಟ ಸೇರಲಿಲ್ಲ. ಸ್ಕೂಟರು ಓಡಿಸಿದವರು ತಾವಲ್ಲವೇ.

ಜಯಮಾಲಾಳ ತಂಗಿ ಪೂನಂ ಬಸವಕಲ್ಯಾಣದ ಅಕ್ಕನ ಮನೆಯಲ್ಲಿದ್ದುಕೊಂಡು ಅಲ್ಲಿಯೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಬುದ್ಧಿ ಚುರುಕು, ತಾಳ್ಮೆ ಕಡಿಮೆ. ಪ್ರಾಜೆಕ್ಟಿಗೆ ಏನು ಮಾಡುತ್ತೀ ಅಂತ ಮೆಹರೀನ್ ಮೇಡಂ ಕೇಳಿದಾಗ, ಗಾಡಿಯಿಂದ ಬಿದ್ದರೆ ತಲೆಯೊಳಗೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ ಅಂದುಬಿಟ್ಟಳು. ಮೇಡಂ ಆಗಲಿ ಅಂದರು, ಆದರೆ ಮೊದಲು ಒಂದು ಮೆದುಳು ಬೇಕು. ಪೂನಂ ಹುಮನಾಬಾದಿಗೆ ಹೋಗಿ ಆಯಿಯ ಸ್ಕ್ಯಾನಿನ ಸಿಡಿ ಕೇಳಿದಳು. ರುಕ್ಮಿಣಿಬಾಯಿ ಸಿಡಿಯನ್ನು ಪೆಟ್ಟಿಗೆಯಿಂದ ತೆಗೆದಳು, ಕೊಡುವ ಮೊದಲು ಒಂದು ಕರಾರು ಹಾಕಿದಳು.

"ಒಳಗ ಏನು ಅಳ್ಳಾಡಾಕತ್ತದ ನೋಡಿ ಹೇಳಬೇಕು. ಖರೇ ಹೇಳಬೇಕು. ಸಡಿಲ ಆಗಿಲ್ಲ ಅಂತ ನನ್ನ ಕಣ್ಣಿಗಿ ತೋರಿಸಿದಿ ಅಂದ್ರ, ನಿಮ್ಮಕ್ಕನ ಕೂಸಿನ ತೊಟ್ಟಿಲಕ್ಕ ಬರ್ತೀನಿ."

ಪೂನಂ ಆಯಿಯ ಕೈಯ ಮೇಲೆ ಕೈ ಇಟ್ಟು ಮಾತು ಕೊಟ್ಟಳು. ಮಾತು ಕೊಡುವುದು ಸುಲಭ, ಮೆದುಳು ಕಟ್ಟುವುದು ಎಷ್ಟು ಕಷ್ಟ ಅನ್ನುವುದು ಆಮೇಲೆ ತಿಳಿಯಿತು.

ಮೆಹರೀನ್ ಮೇಡಂ ಪಾಠ ಮಾಡಿದ್ದು ಕ್ಯಾಂಟೀನಿನಲ್ಲಿ, ಎದುರಿಗೆ ಒಂದು ಸಮೋಸ ಇಟ್ಟುಕೊಂಡು. ಮೆದುಳಿನಂಥ ಸುಕ್ಕುಸುಕ್ಕು ವಸ್ತು ಪೂರ್ತಿಯಾಗಿ ಕಂಪ್ಯೂಟರಿನ ತಲೆಗೆ ಹತ್ತುವುದಿಲ್ಲ, ಅದನ್ನು ಸಣ್ಣ ಸಣ್ಣ ತುಣುಕು ಮಾಡಿ ಕೊಡಬೇಕು. ಒಂದೊಂದು ತುಣುಕೂ ಈ ಸಮೋಸದ ಹಾಗೆ, ನಾಲ್ಕು ಮೂಲೆ, ನಾಲ್ಕು ಮುಖ. ಪಕ್ಕದ ತುಣುಕಿಗೆ ಮೂಲೆಗೆ ಮೂಲೆ ತಾಗಿರಬೇಕು, ನಡುವೆ ಸಂದಿ ಇರಬಾರದು. ಯಾವ ತುಣುಕು ಎಷ್ಟು ಮೆತ್ತಗಿದೆ ಅಂತ ಹೇಳಿ ಒಂದು ಕಡೆಯಿಂದ ಏಟು ಕೊಟ್ಟರೆ, ಪ್ರತಿ ತುಣುಕೂ ಎಷ್ಟು ಅಲುಗಿತು, ಎಷ್ಟು ಜಗ್ಗಿತು ಅಂತ ಕಂಪ್ಯೂಟರು ಲೆಕ್ಕ ಹೇಳುತ್ತದೆ. ಲಕ್ಷಗಟ್ಟಲೆ ಸಮೋಸಗಳ ಈ ಜೋಡಣೆಗೆ ಮೆಶ್ ಅನ್ನುತ್ತಾರೆ. ಇಷ್ಟು ಹೇಳಿ ಮೇಡಂ ಆ ಸಮೋಸವನ್ನು ತಿಂದು ಕ್ಲಾಸಿಗೆ ಹೋದರು.

ಸಿಡಿಯಲ್ಲಿ ಆಯಿಯ ತಲೆಯನ್ನು ಅಡ್ಡಡ್ಡ ಕೊಯ್ದಂಥ ಕಪ್ಪುಬಿಳುಪು ಚಿತ್ರಗಳಿದ್ದವು. ಮೇಡಂ ಹೇಳಿದ ಉದ್ದದ ದಾರಿ ಯಾರಿಗೆ ಬೇಕು ಅಂತ ಪೂನಂ ಆ ಚಿತ್ರಗಳನ್ನು ಒಂದೊಂದಾಗಿ ಫೋಟೊದ ಹಾಗೆ ಉಳಿಸಿಕೊಂಡು ಒಂದರ ಮೇಲೊಂದು ಪೇರಿಸಿದಳು. ಮೆದುಳಲ್ಲದ್ದನ್ನು ಅಳಿಸಬೇಕಿತ್ತು. ಚರ್ಮ ಅಳಿಸಿದಳು, ಕಣ್ಣುಗುಡ್ಡೆ ಅಳಿಸಿದಳು, ಚಿತ್ರದ ಅಂಚಿನಲ್ಲಿ ಕೂತಿದ್ದ ಇಂಗ್ಲಿಷ್ ಅಕ್ಷರವೊಂದನ್ನೂ ಕಸ ಅಂತ ಒರೆಸಿ ಹಾಕಿದಳು. ಪೇರಿಸಿದ್ದನ್ನು ತಿರುಗಿಸಿ ನೋಡಿದರೆ ಬುಟ್ಟಿಯಲ್ಲಿಟ್ಟ ಜೋಳದ ರೊಟ್ಟಿಯ ಅಟ್ಟಿ ಕಂಡಿತು. ಕೊಯ್ತಗಳ ನಡುವೆ ಅಂತರ ಜಾಸ್ತಿ, ಅದಕ್ಕೇ ಮೆಟ್ಟಿಲು ಮೆಟ್ಟಿಲು. ಸ್ವಲ್ಪ ನುಣುಪು ಮಾಡು ಅಂತ ಮೇಡಂ ಹೇಳಿದರು. ಸ್ವಲ್ಪ ಅನ್ನುವ ಮಾತು ಪೂನಂಳಿಗೆ ಎಂದೂ ಹಿಡಿಸಿದ್ದಲ್ಲ. ನುಣುಪು ಮಾಡುವ ಗುಂಡಿಯನ್ನು ಕೊನೆಯವರೆಗೆ ಎಳೆದಳು, ಆಯಿಯ ಮೆದುಳು ಕುದಿಸಿ ಸಿಪ್ಪೆ ತೆಗೆದ ಆಲೂಗಡ್ಡೆಯಾಯಿತು.

"ಒಂದೂ ಸುಕ್ಕಿಲ್ಲ," ಅಂದರು ಮೇಡಂ ಪರದೆ ನೋಡಿ. "ಇಷ್ಟು ಸಾಫ್ ದಿಮಾಗ್ ಇದ್ದವರು ನಿಮ್ಮ ಮನೀದಾಗ ಯಾರದಾರ, ಪೂನಂ?"

ಪೂನಂ ತುಟಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ಸುಕ್ಕು ಉಳಿದವು, ಆದರೆ ಮೆಶ್ ಆಗಲೊಲ್ಲದು. ಹೊರಮೈ ಎಲ್ಲೋ ಬಾಯಿ ಬಿಟ್ಟಿದೆ, ಮುಚ್ಚಿ ಬಾ ಅಂತ ಕಂಪ್ಯೂಟರು ಹಟ ಮಾಡಿತು. ಪೂನಂ ತೂತು ಹುಡುಕಿ ಮುಚ್ಚಿದಳು, ಇನ್ನೊಂದು ಕಡೆ ತೆರೆಯಿತು. ತುಣುಕುಗಳು ಚಪ್ಪಟೆಯಾಗಿ ಕೆಂಪು ಬಣ್ಣಕ್ಕೆ ತಿರುಗಿ, ನಾವು ಲೆಕ್ಕಕ್ಕೆ ಬರುವುದಿಲ್ಲ ಅಂದವು. ಸಿಟ್ಟು ನೆತ್ತಿಗೇರಿ, ಹತ್ತಿರ ಇದ್ದ ಸಂದಿಗಳನ್ನೆಲ್ಲ ಒಟ್ಟಿಗೆ ಬೆಸೆಯುವ ಗುಂಡಿಯನ್ನು ಹುಡುಕಿ ತೆಗೆದು ಒತ್ತಿದಳು. ಎಲ್ಲ ಗಪ್ಪನೆ ಮುಚ್ಚಿಕೊಂಡಿತು. ಒಂದು ಮಧ್ಯಾಹ್ನ ಪರದೆಯ ಮೇಲೆ ಹಸಿರು ತುಣುಕುಗಳ ಇಡೀ ಮೆದುಳು, ಒಂದೂ ಕೆಂಪಿಲ್ಲದೆ, ತಿರುಗಿ ನಿಂತಿತು. ಪೂನಂ ಕುರ್ಚಿ ಬಿಟ್ಟೆದ್ದು ಖಾಲಿ ಲ್ಯಾಬಿನಲ್ಲಿ ಕುಣಿದಳು. ಇದು ತನ್ನ ಆಯಿ, ಬಾಲ್ಯದಲ್ಲಿ ತನ್ನನ್ನು ತೂಗಿದ ಹಾಡುಗಳೆಲ್ಲ ಈ ಸುಕ್ಕುಗಳೊಳಗೇ ಎಲ್ಲೋ ಇವೆ ಅನ್ನಿಸಿ ಕಣ್ಣು ತುಂಬಿ ಬಂತು.

ಬಲಗಡೆ, ಕಿವಿಯ ಮಟ್ಟದಲ್ಲಿ, ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು ಸಣ್ಣ ತೊಟ್ಟಿನಿಂದ ಅಂಟಿಕೊಂಡಿತ್ತು. ಪೂನಂಳಿಗೆ ಅದು ಕಾಣಲಿಲ್ಲ ಅಂತಲ್ಲ. ಮೆದುಳಿನಲ್ಲಿ ಏನೇನೋ ಇರುತ್ತದೆ, ಇದೂ ಒಂದು ಇರಬೇಕು ಅಂದುಕೊಂಡಳು. ಹೊಸಬರ ಧೈರ್ಯವೇ ಅಂಥದ್ದು. ಮೇಡಂ ಮನೆತನದ ಮದುವೆ ಅಂತ ರಜೆ ಹಾಕಿದ್ದರು, ಅವರು ಬರುವ ತನಕ ಕಾಯುವ ಸಹನೆ ಈಕೆಗೆಲ್ಲಿ. ಕಾಲೇಜಿನ ತ್ರೀಡಿ ಪ್ರಿಂಟರಿಗೆ ಹಾಕಿ, ಬಿಳಿ ಪ್ಲಾಸ್ಟಿಕ್ಕಿನಲ್ಲಿ ಆಯಿಯ ಮೆದುಳನ್ನು ಇದ್ದಷ್ಟೇ ಗಾತ್ರಕ್ಕೆ ತೆಗೆಸಿ, ಟವೆಲಿನಲ್ಲಿ ಸುತ್ತಿ ಹುಮನಾಬಾದ್ ಬಸ್ಸು ಹತ್ತಿದಳು.

ರುಕ್ಮಿಣಿಬಾಯಿ ಅದನ್ನು ಎರಡೂ ಕೈಯಿಂದ ಇಸಿದುಕೊಂಡಳು. ಮೊದಲು ನಕ್ಕಳು. ಇಷ್ಟೇ ಇಷ್ಟು ಇದ್ದುಕೊಂಡು ಇಷ್ಟು ವರ್ಷ ಸಂಸಾರ ತೂಗಿಸಿತೇ ಅಂತ ಗಂಡನನ್ನು ನೋಡಿದಳು. ಮಹಾರುದ್ರಪ್ಪನವರೂ ನಕ್ಕರು, ಎಷ್ಟೋ ದಿನದ ಮೇಲೆ. ಗಟ್ಟಿಯಾಗಿದೆ ನೋಡು, ಎಲ್ಲೂ ಸಡಿಲಾಗಿಲ್ಲ ಅಂತ ಪೂನಂ ಹೇಳುತ್ತಲೇ ಇದ್ದಳು. ರುಕ್ಮಿಣಿಬಾಯಿಯ ಹೆಬ್ಬೆರಳು ಮಾತ್ರ ಜೋಳದಲ್ಲಿ ಹರಳು ಹುಡುಕುವ ಹಾಗೆ ಸುಕ್ಕುಗಳ ಮೇಲೆ ಓಡಾಡುತ್ತ ಬಲಗಡೆಗೆ ಬಂದು ನಿಂತಿತು.

"ಇದೇನು?"

ಮೆದುಳೇ ಅದು ಅಂದಳು ಪೂನಂ, ದನಿ ಸ್ವಲ್ಪ ಇಳಿದಿತ್ತು.

"ಮೆದುಳಾದ್ರ ಆ ಕಡಿನೂ ಇರಬೇಕಲ್ಲ. ಬಲಕ್ಕದ, ಎಡಕ್ಕ ಯಾಕಿಲ್ಲ?"

ಎರಡೂ ಕಡೆ ಒಂದೇ ಥರ ಇರಬೇಕಾದದ್ದು ಒಂದೇ ಕಡೆ ಯಾಕಿದೆ ಅಂತ ಪೂನಂ ಕೇಳಿಕೊಂಡೇ ಇರಲಿಲ್ಲ. ಮಹಾರುದ್ರಪ್ಪ ಕನ್ನಡಕ ಹಾಕಿಕೊಂಡು ಗಂಟನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡದೆ ಅಂಗಡಿಗೆ ಎದ್ದು ಹೋದರು. ಅವರ ಬೆನ್ನು ಒಮ್ಮೆಲೇ ಮುದಿಯಾದಂತೆ ಪೂನಂಳಿಗೆ ಕಂಡಿತು.

"ನಾ ಹೇಳಿದ್ದಿಲ್ಲೇನು," ಅಂದಳು ರುಕ್ಮಿಣಿಬಾಯಿ. ಆ ಮಾತಿನಲ್ಲಿ ಗೆದ್ದವಳ ಒಂದು ಠೇಂಕಾರ ಇತ್ತು, ಮರುಗಳಿಗೆಗೆ ಅದು ಕರಗಿತು, ಪ್ಲಾಸ್ಟಿಕ್ ಮೆದುಳನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಮೊಮ್ಮಗಳ ಕೈಗೆ ಇಟ್ಟಳು. "ತೊಟ್ಟಿಲ ನೀವೇ ತೂಗ್ರಿ, ಪೂನಂ. ನನ್ನ ದಾರಿ ನೋಡಬ್ಯಾಡ್ರಿ."

ಬಸವಕಲ್ಯಾಣಕ್ಕೆ ತಿರುಗಿ ಬರುವಾಗ ಪೂನಂ ಬಸ್ಸಿನ ಕಿಟಕಿಗೆ ಹಣೆ ಹಚ್ಚಿಕೊಂಡು ಅತ್ತಳು. ಧೈರ್ಯ ತರುತ್ತೇನೆ ಅಂತ ಹೋದವಳು ಅಂಜಿಕೆ ಇಟ್ಟು ಬಂದಿದ್ದಳು. ಗಂಟು ಖರೇನೇ ಆಗಿದ್ದರೆ ಅನ್ನುವ ವಿಚಾರವನ್ನು ಮಾಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಮದುವೆಯ ಮೆಹಂದಿ ಇನ್ನೂ ಕೈಯಲ್ಲಿದ್ದ ಮೆಹರೀನ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಪ್ರಿಂಟನ್ನು ಮುಟ್ಟಲಿಲ್ಲ, ಮೆಶ್ಶನ್ನೂ ನೋಡಲಿಲ್ಲ. ಸಿಡಿಯ ಚಿತ್ರ ತೆಗಿ ಅಂದರು. ಗಂಟು ಇದ್ದ ಜಾಗದ ಚಿತ್ರವನ್ನು ದೊಡ್ಡದು ಮಾಡಿ ಬೆರಳಿಟ್ಟು ತೋರಿಸಿದರು. ಮೆದುಳು ಬೂದು ಬಣ್ಣಕ್ಕಿತ್ತು, ಈ ಚುಕ್ಕೆ ಹಾಲಿನಷ್ಟು ಬಿಳಿ. ಈ ಜಾತಿಯ ಚಿತ್ರದಲ್ಲಿ ಅಷ್ಟು ಬೆಳ್ಳಗೆ ಹೊಳೆಯುವುದು ಕೊಬ್ಬು, ಇಲ್ಲವೇ ಎಣ್ಣೆ. ಅದು ತಲೆಬುರುಡೆಯ ಒಳಗಿರಲೇ ಇಲ್ಲ, ಕಿವಿಯ ಹಾದಿಯಲ್ಲಿತ್ತು. ಅಳಿಸದೆ ಉಳಿದುಹೋಗಿದ್ದ ಅದನ್ನು ಸಂದಿ ಬೆಸೆಯುವ ಗುಂಡಿ ಎಳೆದು ತಂದು ಮೆದುಳಿಗೆ ಅಂಟಿಸಿತ್ತು.

"ಪಹಲೇ ಚಿತ್ರ ನೋಡಬೇಕು, ಮೆಶ್ ಆಮ್ಯಾಲ," ಅಂದರು ಮೇಡಂ. "ನೀ ಏನು ಕೊಡ್ತಿ, ಮೆಶ್ ಅದನ್ನೇ ಛಂದ ಮಾಡಿ ತೋರಸ್ತದ. ಸುಳ್ಳ ಕೊಟ್ರ ಸುಳ್ಳನ್ನೂ."

ಆಮೇಲೆ ಬೈದರು, ತೋರಿಸದೆ ಪ್ರಿಂಟ್ ತೆಗೆದದ್ದಕ್ಕೆ, ಮುದುಕಿಯನ್ನು ಹೆದರಿಸಿದ್ದಕ್ಕೆ. ಪೂನಂಳ ಕಿವಿಗೆ ಬೈಗುಳ ಬೀಳಲೇ ಇಲ್ಲ. ಎಣ್ಣೆ, ಕಿವಿ, ಅರಳೆ, ಇಷ್ಟೇ ತಲೆಯಲ್ಲಿ ಓಡುತ್ತಿತ್ತು. ಹೊರಗೆ ಓಡಿ ಹೋಗಿ ಹುಮನಾಬಾದಿಗೆ ಫೋನ್ ಹಚ್ಚಿ, ಅದು ಗಂಟಲ್ಲ, ಸ್ಕ್ಯಾನ್ ಮಾಡುವಾಗ ಕಿವಿಯಲ್ಲಿದ್ದ ನಿನ್ನ ಎಣ್ಣೆ ಅರಳೆ ಅಂತ ಉಸಿರು ಬಿಡದೆ ಹೇಳಿದಳು.

ರುಕ್ಮಿಣಿಬಾಯಿ ಪೂರ್ತಿ ಕೇಳಿದಳು. ಅರಳೆಯನ್ನು ತಾನು ತೆಗೆದೇ ಒಳಗೆ ಹೋಗಿದ್ದೆ ಅಂದಳು, ಸಾಕ್ಷಿ ಬೇಕಿದ್ದರೆ ಮುತ್ಯಾನ ಬಿಳಿ ಅಂಗಿಯ ಕಿಸೆ ನೋಡು, ಎಣ್ಣೆಯ ಕಲೆ ಇನ್ನೂ ಹೋಗಿಲ್ಲ. "ಮತ್ತ ನಾ ಅರಳಿ ಇಡೋದು ಎಡಗಿವಿಗಿ. ನಿನ್ನ ಗಂಟು ಬಲಕ್ಕದ. ನನ್ನ ಸಮಾಧಾನಕ್ಕಂತ ಸುಳ್ಳ ಹೇಳಬ್ಯಾಡ, ಮಗಳ." ಫೋನು ಇಟ್ಟುಬಿಟ್ಟಳು.

ಎರಡೂ ಮಾತು ಖರೇ ಇದ್ದವು. ಪೂನಂ ಮನೆಗೆ ಬಂದು ಸಪ್ಪೆ ಮೋರೆ ಹಾಕಿಕೊಂಡು ಕೂತಳು. ಕೂಸಿಗೆ ಆಗಷ್ಟೇ ಎರೆದಿದ್ದರು. ಜಯಮಾಲಾ ಅದನ್ನು ಬಟ್ಟೆಯಲ್ಲಿ ಸುತ್ತಿ ತಂಗಿಯ ಎದುರಿಗೆ ಮಲಗಿಸಿ, ಮನಸ್ಸು ಬೇರೆ ಕಡೆ ಹೋಗಲಿ ಅಂತ ಕಾಡಿಗೆ ಡಬ್ಬಿ ಕೊಟ್ಟಳು. ದೃಷ್ಟಿ ಬೊಟ್ಟು ಇಡು, ಎಡಗೆನ್ನೆಗೆ ಅಂದಳು. ಆ ಮನೆಯಲ್ಲಿ ಕೂಸುಗಳಿಗೆ ದೃಷ್ಟಿ ಬೊಟ್ಟು ಇಡುವುದು ಎಡಗೆನ್ನೆಗೇ. ಪೂನಂ ಬೆರಳು ಅದ್ದಿ ಬೊಟ್ಟು ಇಟ್ಟಳು.

"ಎಡಗೆನ್ನಿ ಅಂದ್ನಲ್ಲ," ಅಂದಳು ಜಯಮಾಲಾ. "ಅದು ನಿನ್ನ ಎಡ. ಕೂಸು ನಿನ್ನ ಮುಂದ ಮಕ ಮಾಡಿ ಮಲಗ್ಯಾದ, ಅದರ ಎಡ ಆ ಕಡಿ ಬರ್ತದ."

ಪೂನಂಳ ಬೆರಳು ಹಾಗೆಯೇ ನಿಂತಿತು. ಕೂಸು ಆಕೆಯನ್ನು ನೋಡಿ ಬೊಚ್ಚು ಬಾಯಿ ತೆರೆಯಿತು. ಎದುರಿಗಿರುವವರ ಎಡ ನಮ್ಮ ಬಲಕ್ಕೆ ಬರುತ್ತದೆ, ಇದು ಕೂಸಿಗೆ ಬೊಟ್ಟಿಡುವ ಯಾವ ಹೆಣ್ಣಿಗೂ ಗೊತ್ತು. ಸ್ಕ್ಯಾನಿನ ಚಿತ್ರವೂ ಹಾಗೇ ಎದುರಿಗೆ ಮಲಗಿದವರನ್ನು ನೋಡಿದ ಹಾಗೆ ಇದ್ದರೆ? ಕಾಡಿಗೆ ಕೈಯಲ್ಲೇ ಲ್ಯಾಪ್‌ಟಾಪ್ ತೆಗೆದಳು, ಸಿಡಿಯ ಮೂಲ ಚಿತ್ರ ತೆರೆದಳು. ಚಿತ್ರದ ಎಡ ಅಂಚಿನಲ್ಲಿ ಒಂದು ಅಕ್ಷರ ಇತ್ತು, ಇದು ರೋಗಿಯ ಬಲಗಡೆ ಅಂತ ಹೇಳುವ ಇಂಗ್ಲಿಷಿನ ಆರ್. ಕಸ ಅಂತ ತಾನು ಒರೆಸಿ ಹಾಕಿದ್ದು ಇದನ್ನೇ. ಫೋಟೊಗಳನ್ನು ತನಗೆ ತೋಚಿದ ಹಾಗೆ ಪೇರಿಸಿ, ಆಯಿಯ ತಲೆಯನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಟ್ಟಿದ್ದಳು ಹುಡುಗಿ. ಗಂಟು ಎಡಕ್ಕಿತ್ತು. ಎಡಗಿವಿಯಲ್ಲಿ.

ಒಂದು ಗಂಟು ಬಿಚ್ಚಿತು, ಇನ್ನೊಂದು ಉಳಿಯಿತು. ಅರಳೆ ಮುತ್ಯಾನ ಕಿಸೆಯಲ್ಲಿದ್ದರೆ ಕಿವಿಯಲ್ಲಿ ಹೊಳೆದದ್ದು ಯಾವುದು? ಕೆನ್ನೆಗೆ ಕಾಡಿಗೆ ಮೆತ್ತಿಕೊಂಡದ್ದೂ ತಿಳಿಯದೆ ಪೂನಂ ಮನೆಯೊಳಗೆ ಅಡ್ಡಾಡಿದಳು. ಉತ್ತರ ಹೊಳೆದಾಗ ನಗು ತಡೆಯಲಾಗ​ಲಿಲ್ಲ. ಮೇಡಂಗೆ ಫೋನ್ ಮಾಡಿ ಹೇಳಿದಳು. ಇರಬಹುದು ಅಂದರು ಮೇಡಂ, ಆದರೆ ನೀನು ಚಿಮ್ಮಟ ಹಿಡಿದು ಕೂರಬೇಡ, ಕಿವಿ ಡಾಕ್ಟರಿಗೆ ತೋರಿಸು. ಪೂನಂ ಮತ್ತೆ ಬಸ್ಸು ಹತ್ತಿದಳು. ಈ ಸಲ ಕಿಟಕಿಗೆ ಹಣೆ ಹಚ್ಚಲಿಲ್ಲ, ಬಸ್ಸಿನ ಮುಂದೆ ತಾನೇ ಓಡಿದರೆ ಬೇಗ ಮುಟ್ಟಬಹುದು ಅನ್ನಿಸುತ್ತಿತ್ತು.

ರುಕ್ಮಿಣಿಬಾಯಿ ಗೋಡೆಗೆ ಆತು ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಹಾರುದ್ರಪ್ಪ, ಅಂಗಡಿ ಹೊತ್ತಿನಲ್ಲಿ ಮನೆಯಲ್ಲಿ ಕೂರುವ ಮನುಷ್ಯ ಅಲ್ಲ ಅವರು. ಪೂನಂ ಎದುರಿಗೆ ಕೂತು, ತಾನು ಎಡ ಬಲ ತಪ್ಪಿದ್ದನ್ನು ಮೊದಲು ಒಪ್ಪಿಕೊಂಡಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಆಯಿ, ಸ್ಕ್ಯಾನಿನ ದಿನದ್ದು ಮುತ್ಯಾನ ಕಿಸ್ಯಾಗಿತ್ತು. ಸ್ಕೂಟರ್ ಮ್ಯಾಗಿಂದ ಬಿದ್ದ ದಿನದ ಅರಳಿ ಎಲ್ಲಿ ಹೋಯ್ತು?"

ರುಕ್ಮಿಣಿಬಾಯಿಯ ಕೈ ತಾನಾಗಿ ಎಡಗಿವಿಗೆ ಹೋಯಿತು. ಗಂಡನ ಮುಖ ನೋಡಿದಳು. ಬಿದ್ದ ದಿನ ಮನೆಗೆ ಬಂದು ಕಿವಿ ಮುಟ್ಟಿ ನೋಡಿಕೊಂಡಾಗ ಅರಳೆ ಇರಲಿಲ್ಲ, ರಸ್ತೆಯಲ್ಲಿ ಬಿದ್ದು ಹೋಗಿದೆ ಅಂದುಕೊಂಡು ಮರುದಿನ ಬೆಳಿಗ್ಗೆ ಹೊಸದು ಇಟ್ಟುಕೊಂಡಿದ್ದಳು. ಅದರ ಮರುದಿನ ಮತ್ತೊಂದು. ದಿನಾ ಒಂದೊಂದು ಹೊಸ ಅರಳೆ ಒಳಗಿನ ಹಳೆಯದನ್ನು ಇನ್ನಷ್ಟು ಒಳಗೆ ದೂಡುತ್ತ ಬಂದಿತ್ತು.

ದವಾಖಾನೆ ಹತ್ತಿರವೇ ಇತ್ತು, ಗಾಡಿ ಬೇಡ ಅಂತ ನಡೆದೇ ಹೋದರು. ಕಿವಿ ಡಾಕ್ಟರು ಎಡಗಿವಿಗೆ ಬೆಳಕು ಬಿಟ್ಟು ನೋಡಿ ಹುಬ್ಬು ಏರಿಸಿದರು. ತೆಳ್ಳನೆಯ ಚಿಮ್ಮಟ ಒಳಗೆ ಹೋಯಿತು, ಮಹಾರುದ್ರಪ್ಪ ಕಣ್ಣು ಮುಚ್ಚಿಕೊಂಡರು. ಹೊರಗೆ ಬಂದದ್ದು ಕಪ್ಪಗೆ ಗಟ್ಟಿಯಾಗಿ ಒಣಗಿದ ಅರಳೆಯ ಉಂಡೆ, ಸರಿಸುಮಾರು ಕಡಲೆಕಾಳಿನಷ್ಟು. ಡಾಕ್ಟರು ಅದನ್ನು ಸ್ಟೀಲಿನ ತಟ್ಟೆಗೆ ಹಾಕಿದರು, ಅದು ಟಣ್ ಅಂದದ್ದು ರುಕ್ಮಿಣಿಬಾಯಿಗೆ ಎಡಗಿವಿಯಲ್ಲೇ ಕೇಳಿತು. ಬೆಚ್ಚಿದಳು. ಇದು ಕಿವಿಯ ತಮಟೆಗೆ ತಾಗಿ ಕೂತಿತ್ತು, ತಲೆ ಅಲುಗಿದಾಗ ಅದೇ ಸಪ್ಪಳ, ಸುತ್ತು ಬರುತ್ತಿದ್ದದ್ದೂ ಅದರಿಂದಲೇ ಅಂತ ಡಾಕ್ಟರು ಹೇಳಿದರು. ಇನ್ನು ಮೇಲೆ ಎಣ್ಣೆಯೂ ಬೇಡ, ಅರಳೆಯೂ ಬೇಡ ಅಂತ ಬುದ್ಧಿ ಹೇಳಿದರು. ಹೌದ್ರಿ ಅಂದಳು, ಇಷ್ಟು ಬೇಗ ಯಾವ ಮಾತಿಗೂ ಒಪ್ಪಿದವಳಲ್ಲ.

ಈ ತಿಂಗಳುಗಳಲ್ಲಿ ಹೆಂಡತಿಯ ಎಡಗಿವಿ ಮಂದವಾಗಿ ಒದರಿ ಮಾತಾಡಿಯೇ ರೂಢಿಯಾಗಿದ್ದ ಮಹಾರುದ್ರಪ್ಪ ಆಕೆಯ ಎಡಗಿವಿಯ ಹತ್ತಿರ ಬಗ್ಗಿ, ಕೇಳಿಸುತ್ತದೆಯೇ ಅಂತ ಗಟ್ಟಿಯಾಗಿ ಕೇಳಿದರು.

"ಯಾಕ ಒದರಾಕತ್ತೀರಿ? ನಾ ಏನು ಕಿವುಡಿ ಇದೀನೇನು?"

ಪೂನಂ ನಕ್ಕಳು, ಡಾಕ್ಟರೂ ನಕ್ಕರು. ರುಕ್ಮಿಣಿಬಾಯಿ ನಗಲಿಲ್ಲ, ಆಕೆಗೆ ಬೇರೆ ಕೆಲಸ ಇತ್ತು. ಮೆಲ್ಲಗೆ ತಲೆಯನ್ನು ಎಡಕ್ಕೆ ವಾಲಿಸಿದಳು, ಕೇಳಿಸಿಕೊಂಡಳು. ಬಲಕ್ಕೆ ವಾಲಿಸಿದಳು. ಗದ್ದ ಎದೆಗೆ ತಾಗುವವರೆಗೆ ಬಗ್ಗಿಸಿದಳು. ಒಳಗೆ ಏನೂ ಇರಲಿಲ್ಲ, ಹೊರಗಿನ ಆಟೋ ಹಾರ್ನು, ಫ್ಯಾನಿನ ಗರಗರ, ಗಂಡನ ಉಸಿರು, ಇಷ್ಟೇ. ತಲೆ ಎತ್ತಿದಾಗ ಮಹಾರುದ್ರಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಕೆ ಎದ್ದು ಹೋಗಿ ಅವರ ಬೆನ್ನ ಮೇಲೆ ಕೈ ಇಟ್ಟಳು. ನಲ್ವತ್ತು ಜನ ಕೂತ ದವಾಖಾನೆಯಲ್ಲಿ ಹಾಗೆ ಮಾಡುವ ಹೆಂಗಸಲ್ಲ ಆಕೆ.

ಪೂನಂ ಮೆಶ್ಶನ್ನು ಮತ್ತೆ ಕಟ್ಟಿದಳು. ಈ ಸಲ ಫೋಟೊಗಳನ್ನು ಪೇರಿಸದೆ ಮೇಡಂ ಹೇಳಿದ ಉದ್ದದ ದಾರಿಯಲ್ಲೇ ಹೋದಳು. ಎಡ ಎಡಕ್ಕೆ ಬಂತು, ಬಲ ಬಲಕ್ಕೆ ಬಂತು, ಗಂಟು ಹೋಯಿತು. ಅದರಲ್ಲೂ ಬೇರೆ ತಪ್ಪು ಸಿಕ್ಕವು, ಮೆದುಳಿನ ನಡುವಿನ ನೀರಿನ ಗೂಡುಗಳನ್ನು ತೂತು ಅಂತ ತಿಳಿದು ಮುಚ್ಚಿಬಿಟ್ಟಿದ್ದಳು, ಅವನ್ನು ಮತ್ತೆ ತೆರೆಯಬೇಕಾಯಿತು. ಮೇಡಂ ತಾಸುಗಟ್ಟಲೆ ತಿರುಗಿಸಿ ತಿರುಗಿಸಿ ನೋಡಿ, ಈಗ ಇದು ಒಬ್ಬರ ತಲೆ ಅನ್ನುವಂತಾಯಿತು, ಇನ್ನು ಏಟು ಕೊಡುವ ಲೆಕ್ಕ ಶುರು ಮಾಡು ಅಂದರು. ಪೂನಂ ಆ ದಿನ ಏಟು ಕೊಡಲಿಲ್ಲ, ಪ್ರಿಂಟು ತೆಗೆಯಲು ಅನುಮತಿ ಕೇಳಿದಳು.

ತೊಟ್ಟಿಲ ದಿನ ಜಯಮಾಲಾಳ ಗಂಡ ಬಸವಕಿರಣ ಕಾರು ತಂದ. ರುಕ್ಮಿಣಿಬಾಯಿ ಇಳಕಲ್ ಸೀರೆ ಉಟ್ಟು ಕಿಟಕಿಯ ಮಗ್ಗುಲಿಗೆ ಕೂತಳು. ಬಿದ್ದ ಜಾಗದ ರೋಡ್ ಹಂಪು ಬಂದಾಗ ಬಸವಕಿರಣ ಆಮೆಯ ಹಾಗೆ ದಾಟಿಸಿದ; ಹಿಂಗ ಹೋದರ ನಾಮಕರಣ ಮುಗದು ಕೂಸು ಸಾಲಿಗಿ ಹೋಗ್ತದ ಅಂತ ಆಕೆ ಗದರಿಸಿದಳು. ಮುಂದಿನ ಪ್ರತಿ ಹಂಪಿಗೂ ಕಾರಿನ ಜೊತೆ ತಾನೂ ಬೇಕಂತಲೇ ತಲೆ ಅಲುಗಾಡಿಸಿ ನೋಡಿಕೊಂಡಳು. ಪ್ರತಿ ಸಲ ಏನೂ ಕೇಳದೆ ಇದ್ದಾಗ ಮಹಾರುದ್ರಪ್ಪನವರ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಹೂವು ಸುತ್ತಿದ್ದರು, ಬೆಲ್ಲ ಕೊಬ್ಬರಿ ತಾಟಿನಲ್ಲಿತ್ತು, ಕೂಸಿನ ಎಡಗೆನ್ನೆಯ ಬೊಟ್ಟು ಈ ಸಲ ಸರಿಯಾದ ಜಾಗದಲ್ಲಿತ್ತು. ಪೂನಂ ಬಣ್ಣದ ಕಾಗದ ಸುತ್ತಿದ ಹೊಸ ಪ್ರಿಂಟನ್ನು ತಂದು ಆಯಿಯ ಕೈಗೆ ಕೊಟ್ಟಳು. ಅದೇನು ಅಂತ ಎಲ್ಲರೂ ಕತ್ತು ಚಾಚಿದರು. ರುಕ್ಮಿಣಿಬಾಯಿ ಕಾಗದ ಬಿಚ್ಚಿ, ಹೆಬ್ಬೆರಳಿನಿಂದ ಮೊದಲು ಬಲಗಡೆ, ಆಮೇಲೆ ಎಡಗಡೆ ಸವರಿದಳು. ಎಲ್ಲೂ ಏನೂ ತಾಗಲಿಲ್ಲ. ನಂತರ ಅದನ್ನು ಎಡಗಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಪರೀಕ್ಷೆ ಮಾಡುವವಳ ಹಾಗೆ ಜೋರಾಗಿ ಅಲುಗಾಡಿಸಿದಳು. ಕೋಣೆಯಲ್ಲಿ ಎಲ್ಲರೂ ಸುಮ್ಮನಾಗಿ ಕೇಳಿಸಿಕೊಂಡರು.

"ಸಪ್ಪಳೇ ಇಲ್ಲ," ಅಂದು ಪೂನಂಳ ಕೈಗೆ ತಿರುಗಿ ಕೊಟ್ಟಳು. ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿದ್ದವು. "ಇದು ಕೂಸಿಗಿ ಗಿಲಕಿ ಆಗಂಗಿಲ್ಲ. ಬ್ಯಾರೆ ತರ್ರಿ."

ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯನ್ನು ತೊಟ್ಟಿಲೊಳಗೆ ಪೂರ್ತಿ ಬಗ್ಗಿಸಿದಳು. ಹೊರಗೆ ಕಟ್ಟೆಯ ಮೇಲೆ ಮಹಾರುದ್ರಪ್ಪ ಚಹಾದ ಲೋಟ ಕೆಳಗಿಟ್ಟರು. ಒಳಗಿನಿಂದ ಹಾಡು ಕೇಳಿಸಿತು, ಮೊದಲಿನಷ್ಟೇ ದೊಡ್ಡ ದನಿಯಲ್ಲಿ.